ಮಾವ ತಂದ ನೀಲಿ ದೀಪ

2024ರ ನವೆಂಬರ್ 19, ಮಂಗಳವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ತುಮಕೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ನನ್ನ ಎದುರಿನ ಬೆಂಚಿನ ಮೇಲೆ ಗೂಳೂರಿನ ರಂಗಲಕ್ಷ್ಮಮ್ಮ ಮತ್ತು ಅವರ ತಮ್ಮ ಗಂಗರಾಜು ಕೂತಿದ್ದರು. ನಡುವೆ ಇದ್ದ ರಂಗಲಕ್ಷ್ಮಮ್ಮನವರ ಮಗಳು ಕೃತಿಕಾಳ ಮುಖ ಸುಟ್ಟಂತೆ ಕೆಂಪಾಗಿತ್ತು. ಅವಳಿಗೆ ಕಣ್ಣು ತೆರೆಯಲು ಆಗುತ್ತಿರಲಿಲ್ಲ.

“ಏನ್ಲಾ ಅದು, ನೀನು ತಂದ್ಕೊಟ್ಟಿದ್ದು?”

“ಲೈಟು ಕಣಕ್ಕ. ಪಾರ್ಲರ್‌ನಲ್ಲಿ ಮೊಡವೆಗೆ ನೀಲಿ ಎಲ್‌ಇಡಿ ಹಿಡೀತಾರೆ ಮಾವ, ಅಂಥದ್ದು ಬೇಕು ಅಂದ್ಲು ಇವ್ಳು. ವಸಂತನರಸಾಪುರದಲ್ಲಿ ನಮ್ ಫ್ಯಾಕ್ಟರೀಲಿ ನೀಲೀದೇ ಒಂದು ಹಳೇದು ತೆಗ್ದಿಟ್ಟಿದ್ರು.”

“ಅಲ್ಲಿ ಯಾರ್ ಮೊಡವೆಗೆ ಹಾಕಿದ್ರು ಅದನ್ನ?”

“ಪ್ಯಾಕಿಂಗ್ ರೂಮಲ್ಲಿ ಕ್ರಿಮಿ ಸಾಯ್ಲಿ ಅಂತ.”

“ಅಯ್ಯೋ ನಿನ್ ಮನೆ ಹಾಳಾಗ! ಕ್ರಿಮಿ ಸಾಯ್ಸೋದನ್ನ ಮಗೀನ ಮುಖಕ್ಕಾ? ನೀವು ಅದ್ರ ಕೆಳಗೇ ಕೆಲ್ಸ ಮಾಡ್ತೀರಾ?”

“ಇಲ್ಲಕ್ಕ. ನಾವು ಬಾಗ್ಲು ತೆಗುದ್ರೆ ತಾನೇ ಆಫ್ ಆಯ್ತದೆ. ಕರೆಂಟ್ ಉಳ್ಸಕ್ಕೆ ಅನ್ಕೊಂಡಿದ್ದೆ.”

ಬಾಗಿಲು ತೆರೆದರೆ ಆರುವಂತೆ ಮಾಡಿದ್ದು ಅದರ ಬೆಳಕು ಜನರ ಕಣ್ಣಿಗೆ, ಚರ್ಮಕ್ಕೆ ತಾಗದಿರಲೆಂದು. ಅದು ಅತಿನೇರಳೆ ಕಿರಣದ ದೀಪ ಎಂದು ನನಗೆ ಆಗ ಖಚಿತವಾಯಿತು.

“ಮಾವ, ಕಣ್ಣು ಕಾಣುತ್ತಾ ಮತ್ತೆ?” ಎಂದಳು ಹುಡುಗಿ.

“ಕಾಣ್ತದೆ, ಸುಮ್ನಿರು ಮಗಾ.” ಗಂಗರಾಜು ಹೇಳಿದರು.

ನರ್ಸ್ ಬಂದು, ದೀಪ ಎಷ್ಟು ಹೊತ್ತು, ಎಷ್ಟು ದೂರದಲ್ಲಿ ಉರಿಯುತ್ತಿತ್ತು ಎಂದು ಕೇಳಿದರು.

“ಇಪ್ಪತ್ತು ನಿಮಿಷ, ಮೇಡಂ. ದೂರ ಇಷ್ಟೇ.” ಗಂಗರಾಜು ಹೆಬ್ಬೆರಳು ಕಿರುಬೆರಳು ಚಾಚಿ ಒಂದು ಗೇಣು ತೋರಿಸಿದರು.

ಅಕ್ಕ ತಮ್ಮ ಇಬ್ಬರೂ ಹುಡುಗಿಯ ತೋಳು ಹಿಡಿದು ವೈದ್ಯರ ಕೋಣೆಗೆ ನಡೆಸಿಕೊಂಡು ಹೋದರು. ಬಾಗಿಲು ಮುಚ್ಚಿದ ಮೇಲೆ ನಾನು ಚೀಲದಿಂದ ಸ್ಕೇಲ್ ತೆಗೆದು, ನನ್ನ ಗೇಣನ್ನು ಅಳೆದೆ. ಇಪ್ಪತ್ತೊಂದು ಸೆಂಟಿಮೀಟರ್. ಅಷ್ಟು ಹತ್ತಿರದಿಂದ ಇಪ್ಪತ್ತು ನಿಮಿಷ.