ಬರಲಾಗದವರು ಮಾತ್ರ ತಿಳಿಸಿ

...ಅಯ್ಯೋ, ಬಾಗಿಲಲ್ಲೇ ನಿಂತು ಎಂತ ಹೇಳುವುದು ಮಾರಾಯ! ಒಳಗೆ ಬಾ ವಿನೀತ್. ಜಾಕೆಟ್ ತೆಗಿ. ಕೆಳಗಿನ ಮನೆಯಿಂದ ಮೇಲಿನ ಮನೆಗೆ ಬರ್ಲಿಕ್ಕೆ ಜಾಕೆಟ್ ಬೇರೆ! ಕೂತ್ಕೋ... ಅಲ್ಲಲ್ಲ, ಆ ಕುರ್ಚಿ ಬೇಡ. ಮನೆಯವನ ಬಲಗಡೆ ಮುಖ್ಯ ಅತಿಥಿ, ಅದು ನಮ್ಮ ರಾಯಭಾರ ಕಚೇರಿಯ ಪದ್ಧತಿ. ಅದು ಸಂಹಿತಾಳದ್ದು. ನನ್ನ ಮಗಳದ್ದು. ನೀನು ಈಚೆ ಬಾ.

ಯಾಕೆ ನಗ್ತೀಯ? ಹೆಸರಿನ ಚೀಟಿ ನೋಡಿಯಾ? ತನ್ನ ಹುಟ್ಟಿದ ದಿನಕ್ಕೆ ಐದೇ ಜನರ ಊಟ, ಅದಕ್ಕೂ ಚೀಟಿ ಇಟ್ಟಿದ್ದಾನೆ ಈ ಅನಂತಕೃಷ್ಣ ಅಂತ ಅಲ್ವಾ? ನಗು, ನಗು. ಅಭ್ಯಾಸ ಬಿಡ್ಲಿಕ್ಕಾಗುವುದಿಲ್ಲ. ಅಪ್ಪಯ್ಯ ಡಾಕ್ಟ್ರಾಗಿ ಉಡುಪಿ ಬಿಟ್ಟು ಇಂಗ್ಲೆಂಡಿಗೆ ಹೋದಾಗ ನಾನು ಸಣ್ಣವ. ಅಲ್ಲಿಯವನೇ ಆದೆ, ಅವರದ್ದೇ ವಿದೇಶಾಂಗ ಸೇವೆ ಸೇರಿದೆ. ಲಾಗೋಸ್, ಕೌಲಾಲಂಪುರ, ಕೊನೆಗೆ ಬರ್ಲಿನ್. ಎಲ್ಲಿ ಹೋದ್ರೂ ನನ್ನ ಮುಖ ನೋಡಿ ಕೇಳುವುದು ಒಂದೇ, ‘ಬ್ರಿಟಿಷ್ ಅಧಿಕಾರಿ ಎಲ್ಲಿ?’ ನಾನೇ ಸ್ವಾಮಿ, ನಾನೇ!

ಎಂತ? ...ಆಮೇಲೆ ಹೇಳು. ಮೊದಲು ನೀರು ಕುಡಿ. ಮಂಗಳೂರು ಸೌತೆ ಸಿಗ್ಲಿಲ್ಲ, ಝುಕಿನಿಯಲ್ಲೇ ಹುಳಿ ಮಾಡಿದ್ದೇನೆ. ತಿಂದು ಬೈಬೇಡ.

ಬರ್ತಾರೆ, ಎಲ್ಲರೂ ಬರ್ತಾರೆ! ನಾನು ಕಳಿಸಿದ ಆಮಂತ್ರಣದ ಕಾರ್ಡಿನ ಕೆಳಗೆ ನೋಡ್ಲಿಲ್ವಾ? ‘ಬರಲಾಗದವರು ಮಾತ್ರ ತಿಳಿಸಿ.’ ನಮ್ಮಲ್ಲಿ ಹಾಗೆಯೇ. ಬರ್ಲಿಕ್ಕಾಗದವನು ತಿಳಿಸ್ತಾನೆ. ಸುಮ್ಮನಿದ್ದವನು ಬಂದ ಹಾಗೆಯೇ ಲೆಕ್ಕ, ಅವನ ತಟ್ಟೆ ಇಡ್ಲೇಬೇಕು. ಬರ್ಲಿನ್ನಲ್ಲಿ ನನ್ನ ಜೊತೆ ಇದ್ದ ಪೀಟರ್ ತಿಳಿಸಿಲ್ಲ. ಅದೇ ಕಚೇರಿಯ ಹೆಲೆನ್ ತಿಳಿಸಿಲ್ಲ. ಸಂಹಿತಾ ತಿಳಿಸಿಲ್ಲ... ಅಂದ್ರೆ ಬರ್ತಾಳೆ.

ಅವಳು ವಾಲ್‌ಡಾರ್ಫಲ್ಲಿ ಇದ್ದಾಳೆ ಅಂತಲೇ ಅಲ್ವಾ, ರಿಟೈರ್ ಆದ ಮೇಲೆ ಲಂಡನ್ನಿಗೆ ಹೋಗದೆ ನಾನು ಜರ್ಮನಿಯ ಈ ಎಷ್‌ಬಾರ್ನಲ್ಲಿ ಮನೆ ಮಾಡಿದ್ದು! ಕಾರಲ್ಲಿ ಗಂಟೆ ದಾರಿ. ಎರಡು ದೀಪಾವಳಿ ಆಯ್ತು, ಬಂದಿಲ್ಲ. ಅವಳದ್ದು ತಪ್ಪು ಅಂತ ಹೇಳ್ಲಿಕ್ಕಾಗುವುದಿಲ್ಲ. ಸಣ್ಣವಳಿದ್ದಾಗಲೇ ಬೋರ್ಡಿಂಗ್ ಸ್ಕೂಲಿಗೆ ಹಾಕಿದ್ದು, ನಮ್ಮ ಸೇವೆಯಲ್ಲಿದ್ದವರೆಲ್ಲ ಮಕ್ಕಳನ್ನು ಹಾಗೆಯೇ ಬೆಳೆಸಿದ್ದು. ನನ್ನ ಹೆಂಡತಿ ಊರ್ಮಿಳಾ ಇರುವಷ್ಟು ದಿನ ಅಮ್ಮ ಮಗಳು ಫೋನಲ್ಲಿ ಮಾತಾಡಿದ್ದೇ ಮಾತಾಡಿದ್ದು. ಈಗ ನನ್ನ ಹತ್ತಿರ ಎಂತ ಮಾತು? ‘ಐ ಆಮ್ ಫೈನ್, ಡ್ಯಾಡ್’ ಅಂತಾಳೆ, ಇಡ್ತಾಳೆ. ಈ ಮನೆಯಲ್ಲಿ ಒಬ್ಬನೇ ಇದ್ದು ಇದ್ದು ಸಾಕಾಗಿದೆ. ನೀನು ಕೆಳಗೆ ಕುಕ್ಕರ್ ಇಟ್ರೆ ನಾನು ಇಲ್ಲಿ ಕೂತು ಸೀಟಿ ಎಣಿಸ್ತೇನೆ ಮಾರಾಯ!

ಏ... ಆ ಫೋನ್ ಮುಟ್ಬೇಡ. ನನ್ನದು. ಆಫ್ ಆಗಿದೆ. ಚಾರ್ಜ್... ಚಾರ್ಜ್ ಇಲ್ಲ.

ಹಾಗೆ ನೋಡ್ಬೇಡ. ಹೌದು, ನಾನೇ ಆಫ್ ಮಾಡಿದ್ದು. ಯಾರೂ ತಿಳಿಸಿಲ್ಲ ಅಂದದ್ದು ಸುಳ್ಳು, ನಿನ್ನೆ ಬೆಳಿಗ್ಗೆಯೇ ಪೀಟರ್ ಬರ್ಲಿಕ್ಕಾಗುವುದಿಲ್ಲ ಅಂದ. ಮಧ್ಯಾಹ್ನ ಹೆಲೆನ್. ಆಮೇಲೆ ನನಗೆ ಹೆದರಿಕೆ ಆಯ್ತು. ಇನ್ನೊಂದು ಫೋನ್ ಬರುವ ಮೊದಲು... ಸ್ವಿಚ್ ಒತ್ತಿಬಿಟ್ಟೆ.

ಈ ಮುಖ ನನಗೆ ಗೊತ್ತುಂಟು ವಿನೀತ್. ಲಂಡನ್ನಿನಿಂದ ‘ಆಗುವುದಿಲ್ಲ’ ಅಂತ ಬಂದದ್ದನ್ನು ಮೆತ್ತಗೆ ಮಾಡಿ ಹೇಳುವುದೇ ಜೀವನ ಇಡೀ ನನ್ನ ಕೆಲಸ. ಹೇಳುವ ಮೊದಲು ನಾನೂ ಹೀಗೆಯೇ ಲೋಟ ತಿರುಗಿಸ್ತಾ ಕೂರ್ತಿದ್ದೆ. ಅವಳು ನಿನಗೆ ಫೋನ್ ಮಾಡಿದ್ಳು, ಅಲ್ವಾ? ಎಂತಾದ್ರೂ ಆದ್ರೆ ಬೇಕಾಗ್ತದೆ ಅಂತ ನಿನ್ನ ನಂಬರ್ ಅವಳಿಗೆ ಕೊಟ್ಟದ್ದೂ ನಾನೇ. ಅಪ್ಪನಿಗೆ ಫೋನ್ ಹೋಗ್ತಿಲ್ಲ, ಒಮ್ಮೆ ಮೇಲೆ ಹೋಗಿ ಹೇಳಿ ಅಂತ...

ಬೇಡ. ಬಾಯಿ ತೆಗೀಬೇಡ, ನಿನ್ನ ದಮ್ಮಯ್ಯ. ತಿಳಿಸದಿದ್ರೆ ಬಂದ ಹಾಗೆಯೇ ಲೆಕ್ಕ ಅಂತ ಹೇಳಿದೆನಲ್ಲ? ಊಟ ಮುಗಿಯುವವರೆಗೆ ಹೀಗೇ ಸುಮ್ಮನಿರು ಮಾರಾಯ. ತಡಿ... ಮೊದಲು ಅವಳ ತಟ್ಟೆಗೆ ಬಡಿಸ್ತೇನೆ.