ದುದ್ದದ ರಸ್ತೆಯ ಕುದುರೆಗಳು

ದುದ್ದದ ಟೀ ಅಂಗಡಿಯ ಬೆಂಚಿನ ತುದಿಯಲ್ಲಿ ಪುಟ್ಟರಾಜು ತನ್ನ ಪಾಡಿಗೆ ಟೀ ಆರಿಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಗ್ಯಾರೇಜಿನ ಜಕೀವುಲ್ಲಾನಿಗೂ ಹೊಸ ಕಾರು ಕೊಂಡಿದ್ದ ಜಯಪ್ರಕಾಶನಿಗೂ ಮಾತು ಕಾವೇರಿತ್ತು.

"ನಿನ್ನ ಹಳೇ ಕಾಂಟೆಸ್ಸಾ ಕಾರ್ಗೆ ಎಷ್ಟು ಕುದುರೆ ಸಕ್ತಿ, ಜಕೀವಣ್ಣ?"

"ಎಂಬತ್ತೆಂಟು ಗೌಡ್ರೆ. ಒಂದೊಂದೂ ಹುರುಳಿ ತಿಂದು ಬೆಳೆದಂಗವೆ."

"ನಂದು ಇನ್ನೂರೈವತ್ತು ಕಣಣ್ಣೋ!"

"ನಿಮ್ಮವು ಕಂಪ್ಯೂಟ್ರು ಅಪ್ಪಣೆ ಕೊಟ್ರೆ ಓಡ್ತವೆ. ನನ್ನವು ಕಾಲಲ್ಲಿ ಒತ್ತಿದ್ರೆ ಸಾಕು."

"ಸರಿ, ಮಂಡ್ಯಗಂಟ ಓಡ್ಸವಾ. ಸೋತ್ರೆ ನಿನ್ನ ಕಾರು ಗುಜರಿಗೆ."

ಜಕೀವುಲ್ಲಾ ಲೋಟ ಬೆಂಚಿನ ಮೇಲಿಟ್ಟ. "ಅದು ನಮ್ಮಪ್ಪನ ಕಾಲದ್ದು," ಎಂದ. "ಆಗ್ಲಿ. ನೀವು ಸೋತ್ರೆ?"

"ಸೋತ್ರೆ ತಾನೆ! ರೋಡು ಬಿಡುವಾಗಿದ್ರೆ ಸಾಕು. ಬರೋವಾಗ ಕಬ್ಬಿನ ಗಾಡಿಯೋನು ಒಬ್ಬ ಅಡ್ಡ ಸಿಕ್ಕಿ ಅರ್ಧ ಗಂಟೆ ತಿಂದ. ಹಾರನ್ ಒಡ್ದೂ ಒಡ್ದೂ ಸಾಕಾಯ್ತು."

"ಬಯ್ಲಿಲ್ವಾ?"

"ಬುಡ್ತೀನಾ? ದನ ಕಾಯೋನ್ಗೆ ಟಾರು ರೋಡ್ಯಾಕ್ಲಾ ಅಂದೆ. ಈಗ ಎಲ್ಲೋ ತಿರುಗ್ಕಂಡು ಓಗವ್ನೆ, ರೋಡು ಖಾಲಿ. ನಡಿ."

ಅವರು ಕಾರಿನ ಬೀಗದ ಕೈ ಹುಡುಕುವಷ್ಟರಲ್ಲಿ ಪುಟ್ಟರಾಜು ಎದ್ದ. ಅಂಗಡಿಯ ಹಿಂದೆ ಕಟ್ಟಿದ್ದ ಎತ್ತುಗಳನ್ನು ನೊಗಕ್ಕೆ ಹೂಡಿದ. ರಸ್ತೆಯ ಎರಡೂ ಅಂಚಿಗೆ ಗರಿ ತಾಗುವಷ್ಟು ಕಬ್ಬು ತುಂಬಿದ್ದ ಗಾಡಿಯನ್ನು ಮಂಡ್ಯದ ಕಡೆಗೆ ತಿರುಗಿಸಿ ಹೊರಟ.

ಹಿಂದಿನಿಂದ ಮುನ್ನೂರ ಮೂವತ್ತೆಂಟು ಕುದುರೆಗಳು ಒಟ್ಟಿಗೇ ಹಾರನ್ ಹೊಡೆದವು.

ಪುಟ್ಟರಾಜು ತಿರುಗಿ ನೋಡಲಿಲ್ಲ. ಎತ್ತುಗಳ ಬೆನ್ನು ಸವರಿ, "ನಿಧಾನ ಕಣ್ರಪ್ಪಾ," ಎಂದ. "ಮಂಡ್ಯ ಎಲ್ಲಿಗೂ ಓಗಕಿಲ್ಲ."