ಚೀಟಿ ಡಬ್ಬದ ಮೇಲೆ ಕೂತ ಅಕ್ಕ

ಬಸ್ಸಿಗಾಗಿ ಸಾಲಿನಲ್ಲಿ ನಿಂತಿದ್ದ ದರ್ಜಿ ಹೆಂಗಸಿಗೆ ತನ್ನ ಮುಂದೆ ನಿಂತವರ ನಗು ಕೇಳಿಸಿತು. ಗಣಿಯ ಸಮವಸ್ತ್ರ ತೊಟ್ಟ ಅಕ್ಕನೊಬ್ಬಳು ತನ್ನನ್ನು ಕರೆದೊಯ್ಯಲು ಬಂದ ತಮ್ಮನಿಗೆ ಕಳೆದ ವಾರದ ಕಥೆ ಹೇಳುತ್ತಿದ್ದಳು. ದರ್ಜಿ ಹೆಂಗಸು ಕಿವಿ ನಿಮಿರಿಸಿದಳು.

"ಹೊರಗಿಂದ ಬಂದ ಅದಿರಿನ ಮೂಟೆಗಳಿಗೂ ನಮ್ಮ ಗಣಿಯವೇ ಅಂತ ಚೀಟಿ ಕಟ್ಟು ಅಂದ ಮ್ಯಾನೇಜರು."

"ಅವು ಗುಡ್ಡದ ಅದಿರಲ್ವಾ? ಬಂದೂಕು ತೋರಿಸಿ ಜನರ ಕೈಲಿ ಅಗೆಸ್ತಾರಲ್ಲ, ಅಲ್ಲಿಂದ ಬಂದದ್ದು?"

"ಅದೇ ಕಣೋ. ನಾನು ಚೀಟಿ ಡಬ್ಬದ ಮೇಲೆ ಕೂತುಬಿಟ್ಟೆ. ಏಳು ಅಂದ. ಮಂಡಿ ಹಿಡ್ಕೊಂಡಿದೆ ಸಾರ್ ಅಂದೆ."

"ಕೆಲಸ ಹೋಗಿದ್ರೆ?"

"ಹೋದ್ರೆ ಹೋಗ್ಲಿ ಅಂತ ಏಳಲೇ ಇಲ್ಲ. ಮಧ್ಯಾಹ್ನ ಅದಿರು ಕೊಳ್ಳೋರ ಕಡೆಯಿಂದ ತಪಾಸಣೆಗೆ ಒಬ್ಬ ಮೇಡಂ ಬಂದ್ರು. ಯಾಕಮ್ಮ ಹೀಗೆ ಕೂತಿದ್ದೀಯ ಅಂದ್ರು. ಎಲ್ಲ ಹೇಳಿದೆ."

"ಮ್ಯಾನೇಜರ ಮುಖ?"

"ಹಿಂಡಿದ ಬಟ್ಟೆ ಥರ ಆಯ್ತು! ಈಗ ಕೆಲಸ ಹೋಗಿ ಮನೇಲಿ ಕೂತಿದ್ದಾನೆ. ಮೂಟೆ ವಾಪಸ್ ಹೋದ್ವು. ಕೊಳ್ಳೋರಿಲ್ಲದೆ ಬಂದೂಕಿನೋರೂ ಗುಡ್ಡ ಖಾಲಿ ಮಾಡಿದ್ರಂತೆ."

"ಅಲ್ಲಿ ಅಗೀತಿದ್ದೋರು?"

"ಇವತ್ತು ಒಬ್ಳು ನಮ್ಮಲ್ಲೇ ಕೆಲಸಕ್ಕೆ ಸೇರಿದ್ಲು. ಇಲ್ಲಿ ಸಂಜೆ ಮನೆಗೆ ಬಿಡ್ತಾರಾ ಅಕ್ಕಾ ಅಂತ ಮೂರು ಸಲ ಕೇಳಿದ್ಲು ಕಣೋ."

"ನೀನೇನಂದೆ?"

"ನನ್ನ ಜೊತೇಲೇ ಬಾ, ಬಸ್ ಹತ್ತಿಸ್ತೀನಿ ಅಂದೆ."

ಅಷ್ಟರಲ್ಲಿ ಬಸ್ಸು ಬಂತು. ಅಕ್ಕ ಹಿಂದೆ ತಿರುಗಿ, "ಬಾರೇ ತಂಗಿ, ನಮ್ಮ ಬಸ್ಸು!" ಎಂದು ಕೂಗಿದಳು. ದರ್ಜಿ ಹೆಂಗಸಿನ ಬೆನ್ನ ಹಿಂದೆಯೇ ಇಷ್ಟು ಹೊತ್ತು ನಿಂತಿದ್ದವಳು, ಮೊಣಕೈವರೆಗೂ ಧೂಳು ಮೆತ್ತಿಕೊಂಡಿದ್ದವಳು, "ಬಂದೆ ಅಕ್ಕಾ!" ಎಂದಳು. ದರ್ಜಿ ಹೆಂಗಸು ಸರಿದು ದಾರಿ ಬಿಟ್ಟಳು. ಆಕೆ ಬಾಯ್ತುಂಬ ನಗುತ್ತಾ ಓಡಿಹೋಗಿ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದಳು.